ನಮ್ಮ ಧೂಳಿನ ದಾರಿಗೆ ಕಾಗದದ ಫಿಲ್ಟರೇ ಸೈ

ಅಕ್ಕಲಕೋಟೆ, ಜತ್ತ ತಾಲ್ಲೂಕುಗಳ ನಮ್ಮ ಹಳ್ಳಿಗಳಲ್ಲಿ ಈಗ ಮೋಟರ್‌ಸೈಕಲ್ ಇಲ್ಲದ ಮನೆಯನ್ನು ಹುಡುಕಬೇಕು. ಡೇರಿಗೆ ಹಾಲು ಒಯ್ಯುವುದು ಅದರ ಮೇಲೆ, ದುಧನಿ ಪೇಟೆಗೆ ತೊಗರಿಯ ಧಾರಣಿ ಕೇಳಲು ಹೋಗುವುದು ಅದರ ಮೇಲೆ. ಸೊಲ್ಲಾಪುರದ ದವಾಖಾನೆ ಇರಲಿ, ಇಂಡಿ, ವಿಜಯಪುರ ಕಡೆಯ ಬೀಗರ ಮನೆ ಇರಲಿ, ಗಾಡಿಯೇ ಗತಿ. ಹಿಂದೆ ಎತ್ತು ಮಲಗಿದರೆ ಮನೆ ಹೆಂಗ ನಿಲ್ಲುತ್ತಿತ್ತೋ, ಈಗ ಗಾಡಿ ನಿಂತರೆ ಹಂಗ ನಿಲ್ಲುತ್ತದೆ. ಹೀಗಿರುವಾಗ ಆ ಗಾಡಿ ಉಸಿರಾಡುವ ಮೂಗಿನ ಬಗ್ಗೆ, ಅಂದರೆ ಏರ್ ಫಿಲ್ಟರ್ ಬಗ್ಗೆ, ನಾಲ್ಕು ಮಾತು ಆಡುವುದು ಸಣ್ಣ ವಿಷಯವೇನೂ ಅಲ್ಲ.

ಈಚೆಗೆ ಪಟ್ಟಣದ ಬಿಡಿಭಾಗದ ಅಂಗಡಿಗಳಲ್ಲಿ ಒಂದು ಮಾತು ಕೇಳಿಬರುತ್ತದೆ. "ಕಾಕಾ, ಕಂಪನಿ ಫಿಲ್ಟರ್ ತಗದು ಇದನ್ನ ಹಾಕ್ರಿ. ಒಮ್ಮೆ ಕೊಂಡ್ರ ಮುಗೀತು, ತೊಳಕೋತ ಹೋಗ್ರಿ, ಜೀವನಪೂರ್ತಿ ನಡೀತದ. ಪಿಕಪ್ಪೂ ಹೆಚ್ಚಾಗ್ತದ." ಹೀಗೆ ತೋರಿಸುವುದು ತೊಳೆದು ಮತ್ತೆ ಬಳಸಬಹುದಾದ, ಎಣ್ಣೆ ಸವರಿದ ಹತ್ತಿ ಬಟ್ಟೆಯ ಫಿಲ್ಟರ್. ಕಾಲೇಜಿನ ಹುಡುಗರಿಗೆ ಅದರ ಸದ್ದು ಚೆಂದ, ಅಪ್ಪಂದಿರಿಗೆ 'ಜೀವನಪೂರ್ತಿ' ಎಂಬ ಮಾತು ಚೆಂದ. ಆದರೆ ನಮ್ಮ ಕಡೆಯ ರಸ್ತೆಗೆ, ನಮ್ಮ 100, 125 ಸಿಸಿ ಗಾಡಿಗಳಿಗೆ ಇದು ತಕ್ಕದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂಬುದನ್ನು ಲೆಕ್ಕದ ಮೇಲೆಯೇ ನೋಡೋಣ.

ಮೊದಲು ಗಾಡಿ ಎಷ್ಟು ಗಾಳಿ ಕುಡಿಯುತ್ತದೆ ಎಂಬುದು. ಪೆಟ್ರೋಲು ಸರಿಯಾಗಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ. ಅದಕ್ಕೆ ಬೇಕಾಗುವ ಗಾಳಿ ಹೆಚ್ಚುಕಡಿಮೆ 11 ಕಿಲೊ, ಅಂದರೆ ಸುಮಾರು 9 ಸಾವಿರ ಲೀಟರ್! ಬರಗಾಲದಲ್ಲಿ ಜತ್ತದ ಹಳ್ಳಿಗಳಿಗೆ ನೀರು ತರುವ ಟ್ಯಾಂಕರ್ ನಮಗೆಲ್ಲ ಗೊತ್ತು. ಒಂದು ಲೀಟರ್ ಪೆಟ್ರೋಲು ಸುಡುವಷ್ಟರಲ್ಲಿ 5 ಸಾವಿರ ಲೀಟರಿನ ಎರಡು ಟ್ಯಾಂಕರ್ ತುಂಬಲು ಸ್ವಲ್ಪವೇ ಕಡಿಮೆಯಾಗುವಷ್ಟು ಗಾಳಿಯನ್ನು ನಿಮ್ಮ ಗಾಡಿ ಒಳಗೆ ಎಳೆದುಕೊಂಡಿರುತ್ತದೆ. ತಿಂಗಳಿಗೆ 15 ಲೀಟರ್ ಹಾಕಿಸುವವರ ಲೆಕ್ಕ ನೀವೇ ಮಾಡಿಕೊಳ್ಳಿ.

ಆ ಗಾಳಿ ಎಂಥದ್ದು? ಬೇಸಿಗೆಯ ಮುರುಮ್ ರಸ್ತೆಯ ಕೆಂಧೂಳು, ಎರೆ ಹೊಲದ ಕರಿಧೂಳು, ತೊಗರಿ, ಜೋಳದ ರಾಶಿಯ ಹೊಟ್ಟು. ಕಬ್ಬಿನ ಹಂಗಾಮಿನಲ್ಲಂತೂ ಟ್ರಾಲಿಯ ಹಿಂದೆ ಸಿಕ್ಕಿಕೊಂಡರೆ ಕಣ್ಣು ಬಿಡುವಂತಿಲ್ಲ. ಮಣ್ಣಿನ ಧೂಳಿನಲ್ಲಿ ಉಸುಕಿನ ಕಣ ಇದ್ದೇ ಇರುತ್ತದೆ. ಅದು ಎಂಜಿನಿನ ಸಿಲಿಂಡರಿನ ಕಬ್ಬಿಣಕ್ಕಿಂತ ಗಟ್ಟಿ. ಕಣ್ಣಿಗೆ ಕಾಣುವ ದೊಡ್ಡ ಕಣಕ್ಕಿಂತ, ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲಿನಷ್ಟಿರುವ ಸಣ್ಣ ಕಣವೇ ಅಪಾಯಕಾರಿ. ಪಿಸ್ಟನ್ ರಿಂಗು ಮತ್ತು ಸಿಲಿಂಡರಿನ ನಡುವಿನ ಎಣ್ಣೆಯ ಪದರದಲ್ಲಿ ಸೇರಿಕೊಂಡು, ಸಾಣೆ ಹಿಡಿದ ಹಾಗೆ ತಿಕ್ಕುತ್ತಾ ಹೋಗುತ್ತದೆ. ರಿಂಗು ಸವೆದರೆ ಎಂಜಿನ್ ಆಯಿಲ್ ಸುಡುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ, ಎಳೆತ ಕಡಿಮೆಯಾಗುತ್ತದೆ. ಕಡೆಗೆ ಬೋರ್ ಮಾಡಿಸಿ ಎಂಬ ಮಾತು ಬರುತ್ತದೆ.

ಈಗ ಎರಡೂ ಫಿಲ್ಟರುಗಳನ್ನು ಎದುರುಬದುರು ಇಡೋಣ. ಏರ್ ಫಿಲ್ಟರ್ ಪರೀಕ್ಷೆಗೆ ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ತೂಕ ಮಾಡಿದ ಧೂಳನ್ನು ಬಿಟ್ಟು ಎಷ್ಟು ತಡೆಯಿತು, ಎಷ್ಟು ಒಳಗೆ ಹೋಯಿತು ಎಂದು ಅಳೆಯುತ್ತಾರೆ. ಒಳ್ಳೆಯ ಕಾಗದದ ಫಿಲ್ಟರ್ ನೂರಕ್ಕೆ 99ಕ್ಕಿಂತ ಹೆಚ್ಚು ಧೂಳನ್ನು ತಡೆಯುತ್ತದೆ. ಹತ್ತಿ ಫಿಲ್ಟರಿನ ಹೆಸರಾಂತ ತಯಾರಕರು ತಾವೇ ಹೇಳಿಕೊಂಡಿರುವುದು 96ರಿಂದ 99. "ಎರಡು ಮೂರು ಪರ್ಸೆಂಟ್ ವ್ಯತ್ಯಾಸ, ಏನ್ ಮಹಾ?" ಅನ್ನಬಹುದು. ಇಲ್ಲೇ ನಾವು ಮೋಸ ಹೋಗುವುದು. ನೋಡಬೇಕಾದ್ದು ತಡೆದದ್ದನ್ನಲ್ಲ, ಒಳಗೆ ಬಿಟ್ಟದ್ದನ್ನು. ನೂರು ಗ್ರಾಂ ಧೂಳಿನಲ್ಲಿ ಒಂದು 1 ಗ್ರಾಂ ಬಿಟ್ಟಿತು, ಇನ್ನೊಂದು 3 ಗ್ರಾಂ ಬಿಟ್ಟಿತು ಎಂದಿಟ್ಟುಕೊಳ್ಳಿ. ಆಗ ಎಂಜಿನಿನ ಹೊಟ್ಟೆಗೆ ಹೋದ ಧೂಳು ಮೂರು ಪಟ್ಟಾಯಿತು. ಗಾಳಿಯಲ್ಲಿ ಧೂಳೇ ಕಡಿಮೆ ಇರುವ ಕಡೆ ಇದು ಲೆಕ್ಕಕ್ಕೆ ಬಾರದಿರಬಹುದು. ನಮ್ಮಲ್ಲಿ ಬರುತ್ತದೆ.

ಹಾಗಂತ ಹತ್ತಿ ಫಿಲ್ಟರ್ ಕೆಟ್ಟ ವಸ್ತು ಎಂದು ನಾನು ಹೇಳುತ್ತಿಲ್ಲ. ಈ ಬಗೆಯ ಫಿಲ್ಟರಿಗೆ ಹೆಸರಾದ ಕೆ ಆಂಡ್ ಎನ್ ಕಂಪನಿ 1969ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು, ಮೋಟರ್‌ಸೈಕಲ್ ಅಂಗಡಿಯವರ ಕೈಯಿಂದಲೇ. ಗಾಳಿ ಸರಾಗವಾಗಿ ಬಿಡುತ್ತದೆ, ಬೇಗ ಕಟ್ಟಿಕೊಳ್ಳುವುದಿಲ್ಲ, ಎಸೆಯುವ ಕಸ ಕಡಿಮೆ. ದೊಡ್ಡ ಎಂಜಿನ್ನಿನ ಗಾಡಿ ಇಟ್ಟುಕೊಂಡು ಡಾಂಬರು ಹೆದ್ದಾರಿಯಲ್ಲೇ ಓಡಾಡುವವರು, ತಪ್ಪದೆ ಆರೈಕೆ ಮಾಡುವವರು ಬೇಕಾದರೆ ಹಾಕಿಕೊಳ್ಳಲಿ. ಆದರೆ ಎಂಟು ಕುದುರೆ ಶಕ್ತಿಯ ಆಸುಪಾಸಿನ ಗಾಡಿಗೆ ಇದರಿಂದ ಸಿಗುವ 'ಪಿಕಪ್' ಬಹುಮಟ್ಟಿಗೆ ಕಿವಿಗೆ ಮಾತ್ರ. ಸದ್ದು ಹೆಚ್ಚಾದದ್ದನ್ನು ಶಕ್ತಿ ಹೆಚ್ಚಾಯಿತು ಎಂದು ತಿಳಿಯುತ್ತೇವೆ. ಹಳೆಯ ಕಾರ್ಬ್ಯುರೇಟರ್ ಗಾಡಿಯಾದರೆ ಗಾಳಿ ಹೆಚ್ಚಾಗಿ ಪೆಟ್ರೋಲು ಅಷ್ಟೇ ಉಳಿದು ಎಂಜಿನ್ ಕಾಯಲೂಬಹುದು. ಅದನ್ನು ಸರಿಪಡಿಸಲು ಜೆಟ್ ಬದಲಿಸಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲಿನ ಇಂಜೆಕ್ಷನ್ ಗಾಡಿಗಳಲ್ಲಿ ಸೆನ್ಸರ್ ಅಷ್ಟಿಷ್ಟು ಹೊಂದಿಸಿಕೊಳ್ಳುತ್ತದೆ. ಆದರೆ ಹೊರಗಿನ ಸಾಮಾನು ಹಾಕಿದ್ದೀರಿ ಎಂದು ವಾರಂಟಿಯ ತಕರಾರು ಎದ್ದರೆ ಉತ್ತರ ಹೇಳಬೇಕಾದವರು ನೀವೇ.

ಇನ್ನು 'ಜೀವನಪೂರ್ತಿ' ಎಂಬ ಮಾತು. ಹತ್ತಿ ಫಿಲ್ಟರನ್ನು ಬಕೆಟ್ಟಿನಲ್ಲಿ ಅದ್ದಿ ಬಿಸಿಲಿಗೆ ಇಟ್ಟರೆ ಆಗುವುದಿಲ್ಲ. ಅದರದೇ ದ್ರಾವಣ ಹೊಡೆದು, ಹತ್ತು ನಿಮಿಷ ಬಿಟ್ಟು, ಒಳಗಿನಿಂದ ಹೊರಗೆ ಸಣ್ಣಗೆ ನೀರು ಬಿಟ್ಟು ತೊಳೆಯಬೇಕು. ನೆರಳಿನಲ್ಲಿ ತಾನಾಗಿ ಒಣಗಬೇಕು, ಕಂಪ್ರೆಸರ್ ಗಾಳಿ ಹೊಡೆಯಬಾರದು. ಆಮೇಲೆ ಪ್ರತಿಯೊಂದು ಮಡಿಕೆಗೂ ಅದರದೇ ಎಣ್ಣೆ ಹಾಕಿ, ಅದು ಎಲ್ಲ ಕಡೆ ಹರಡುವ ತನಕ ಕಾಯಬೇಕು. ಎಣ್ಣೆ ಕಡಿಮೆಯಾದರೆ ಧೂಳು ನಿಲ್ಲುವುದಿಲ್ಲ, ಹೆಚ್ಚಾದರೆ ಒಳಗೆ ಎಳೆದುಕೊಂಡು ಜಿಡ್ಡು ಕಟ್ಟುತ್ತದೆ. ಬೆಳಗಿನ ಐದು ಗಂಟೆಗೆ ಹಾಲಿನ ಕ್ಯಾನು ಕಟ್ಟಬೇಕಾದವನಿಗೆ ಅರ್ಧ ದಿನ ಗಾಡಿ ನಿಲ್ಲಿಸಿ ಇದನ್ನೆಲ್ಲ ಮಾಡುವ ಪುರಸತ್ತು ಎಲ್ಲಿದೆ?

ದುಡ್ಡಿನ ಲೆಕ್ಕವೂ ಹೊಂದುವುದಿಲ್ಲ. ಸಾಮಾನ್ಯ ಗಾಡಿಯ ಕಂಪನಿ ಫಿಲ್ಟರಿಗೆ ಇನ್ನೂರರಿಂದ ನಾನ್ನೂರು ರೂಪಾಯಿ. ಹೆಸರಾಂತ ಹತ್ತಿ ಫಿಲ್ಟರಿಗೆ ಹಲವು ಸಾವಿರ, ತೊಳೆಯುವ ಸಾಮಾನಿಗೆ ಬೇರೆ. ವರ್ಷಕ್ಕೊಂದು ಕಾಗದದ ಫಿಲ್ಟರ್ ಬದಲಿಸಿದರೂ ಆ ದುಡ್ಡಿನಲ್ಲಿ ಹತ್ತು ವರ್ಷ ಕಳೆಯಬಹುದು. ಅಗ್ಗಕ್ಕೆ ಸಿಗುವ ಹೆಸರಿಲ್ಲದ ಹತ್ತಿ ಫಿಲ್ಟರಿನ ಮಾತಂತೂ ಬೇಡವೇ ಬೇಡ. ಏರ್ ಬಾಕ್ಸನ್ನೇ ಕಿತ್ತು ಬರಿ ಕೋನಿನಾಕಾರದ ಫಿಲ್ಟರ್ ಸಿಕ್ಕಿಸುವವರೂ ಇದ್ದಾರೆ. ಮಳೆಯ ನೀರು, ರಾಡಿ ನೇರವಾಗಿ ಅದರ ಮೇಲೆಯೇ ಬೀಳುತ್ತದೆ.

ಆದರೆ ಕಂಪನಿ ಫಿಲ್ಟರ್ ಇದೆ ಎಂದು ನಿಶ್ಚಿಂತೆಯಿಂದ ಇರುವವರಿಗೂ ಒಂದು ಮಾತು ಹೇಳಬೇಕು. ನಮ್ಮ ಕಡೆ ಗಾಡಿಗಳು ಕೆಡುತ್ತಿರುವುದು ಫಿಲ್ಟರಿನ ಜಾತಿಯಿಂದಲ್ಲ, ಅದನ್ನು 'ಸ್ವಚ್ಛ' ಮಾಡುವ ರೂಢಿಯಿಂದ. ಹಿಂದಿನ ಅನೇಕ ಗಾಡಿಗಳಲ್ಲಿ ಸ್ಪಂಜಿನ ಫಿಲ್ಟರ್ ಇರುತ್ತಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಆಯಿಲಿನಲ್ಲಿ ಅದ್ದಿ ಹಿಂಡಿ ಹಾಕುವುದು ಸರಿಯಾದ ಕ್ರಮವೇ ಆಗಿತ್ತು. ಫಿಲ್ಟರ್ ಬದಲಾಯಿತು, ಕೈಯ ರೂಢಿ ಬದಲಾಗಲಿಲ್ಲ. ಈಗಿನ ಬಹಳಷ್ಟು ಗಾಡಿಗಳಲ್ಲಿ ಇರುವುದು ಕಾರ್ಖಾನೆಯಲ್ಲೇ ಅಂಟು ಎಣ್ಣೆ ಹಾಕಿದ ಕಾಗದ, 'ವಿಸ್ಕಸ್' ಫಿಲ್ಟರ್. ಸಣ್ಣ ಧೂಳನ್ನು ಹಿಡಿಯುವುದರಲ್ಲಿ ಆ ಅಂಟಿನ ಪಾಲು ದೊಡ್ಡದು. ಪೆಟ್ರೋಲಿನಲ್ಲಿ ತೊಳೆದರೆ ಅಂಟು ಹೋಯಿತು. ಕಂಪ್ರೆಸರ್ ಗಾಳಿ ಹೊಡೆದರೆ ಕಾಗದದಲ್ಲಿ ತೂತು ಬಿತ್ತು. ನೋಡಲು ಹೊಸದರಂತೆ ಕಾಣುತ್ತದೆ, ಒಳಗೆ ಜರಡಿ. ಮೆಕ್ಯಾನಿಕ್ ನಿಮ್ಮ ಮುನ್ನೂರು ರೂಪಾಯಿ ಉಳಿಸಲು ಹೋಗಿ ಮಾಡುವ ಕೆಲಸ ಇದು. ಅವನನ್ನು ಬೈಯುವುದಕ್ಕಿಂತ, "ಊದಬ್ಯಾಡಪ್ಪಾ, ಹೊಸಾದು ಹಾಕು" ಎಂದು ನಾವೇ ಹೇಳುವುದು ಒಳ್ಳೆಯದು.

ಎಷ್ಟು ಕಿಲೊಮೀಟರಿಗೆ ಬದಲಿಸಬೇಕು ಎಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಹಲವು ಗಾಡಿಗಳಿಗೆ ಅದು 15 ಸಾವಿರದ ಆಚೀಚೆ. ಧೂಳು ಹೆಚ್ಚಿದ್ದರೆ ಮೊದಲೇ ಬದಲಿಸಿ ಎಂಬ ಸಾಲೂ ಅಲ್ಲೇ ಇರುತ್ತದೆ, ಯಾರೂ ಓದುವುದಿಲ್ಲ. ಕೈಪಿಡಿ ಯಾವ ಭಾಷೆಯಲ್ಲೇ ಇರಲಿ, ಶಾಲೆಗೆ ಹೋಗುವ ಮಕ್ಕಳಿಂದಾದರೂ ಓದಿಸಿ. ಆ ಸಾಲು ಬರೆದಿರುವುದು ನಮ್ಮಂಥವರಿಗಾಗಿಯೇ. ನನ್ನ ಮಾತು ಕೇಳುವುದಾದರೆ, ಹೊಲದ ದಾರಿಯಲ್ಲಿ ಓಡುವ ಗಾಡಿಗೆ ಹೇಳಿದ ಅಂತರದ ಅರ್ಧಕ್ಕೇ ಬದಲಿಸಿ. ವರ್ಷಕ್ಕೊಮ್ಮೆ, ರಾಶಿ ಮತ್ತು ಕಬ್ಬಿನ ಹಂಗಾಮು ಮುಗಿದ ಮೇಲೆ ಎಂದು ಗೊತ್ತು ಮಾಡಿಕೊಂಡರೆ ನೆನಪಿಡಲೂ ಸುಲಭ. ನಡುವೆ ವಾರವಾರ ಬಿಚ್ಚಿ ನೋಡುವ ಅಗತ್ಯವಿಲ್ಲ. ತೆಳ್ಳಗೆ ಕೂತ ಧೂಳು ತಾನೇ ಇನ್ನಷ್ಟು ಧೂಳನ್ನು ತಡೆಯುತ್ತದೆ. ಬಿಚ್ಚಿದಷ್ಟೂ ರಬ್ಬರ್ ಸರಿಯಾಗಿ ಕೂಡದೆ ಸಂದಿಯಿಂದ ಗಾಳಿ ನುಗ್ಗುವ ಅಪಾಯ ಹೆಚ್ಚು.

ಫಿಲ್ಟರ್ ಬದಲಿಸುವಾಗ ಒಂದು ಪರೀಕ್ಷೆ ಮಾಡಿ. ಹಳೆಯದನ್ನು ತೆಗೆದ ಕೂಡಲೇ, ಎಂಜಿನ್ ಕಡೆಗೆ ಹೋಗುವ ಕೊಳವೆಯ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಬಟ್ಟೆ ಸ್ವಚ್ಛವಿದ್ದರೆ ಫಿಲ್ಟರ್ ತನ್ನ ಕೆಲಸ ಮಾಡಿದೆ. ಮಣ್ಣು ಹತ್ತಿದರೆ, ಅಂಗಡಿಯವರು ಏನೇ ಹೇಳಲಿ, ಧೂಳು ಒಳಗೆ ಹೋಗುತ್ತಿದೆ ಎಂದೇ ಅರ್ಥ. ಹತ್ತಿಯದಾಗಲಿ, ಕಾಗದದ್ದಾಗಲಿ, ಈ ಬಟ್ಟೆಯ ಮುಂದೆ ಯಾವ ಜಾಹೀರಾತೂ ನಡೆಯುವುದಿಲ್ಲ.