ವಿಶ್ವಾಸಿಯನ್ನೇ ಅವಿಶ್ವಾಸಿ ಎನ್ನುವವರಿಗೆ ಶುಶಾ ಪಟ್ಟಣದ ಪಾಠ

ಕಾರ್ಲ್ ಗಾಟ್ಲೀಬ್ ಫಾಂಡರ್ ಎಂಬ ಹೆಸರು ನಮ್ಮ ಮದ್ರಸಗಳಿಗೆ ಹೊಸದಲ್ಲ. 1854ರ ಏಪ್ರಿಲ್ 10 ಮತ್ತು 11ರಂದು ಆಗ್ರಾದಲ್ಲಿ ಮೌಲಾನಾ ರಹಮತುಲ್ಲಾಹ್ ಕೈರಾನವಿಯವರ ಎದುರು ವಾದಕ್ಕೆ ಕುಳಿತ ಪಾದ್ರಿ ಎಂದು ಅವರನ್ನು ಬಲ್ಲೆವು. ಆ ಎರಡು ದಿನಗಳ ಮುನಾಝರದ ಕಥೆಯನ್ನು ನಮ್ಮ ಭಾಷಣಕಾರರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಆಗ್ರಾಕ್ಕೆ ಬರುವ ಮುನ್ನ ಈ ಪಾದ್ರಿ ಎಲ್ಲಿದ್ದರು, ಯಾರ ನಡುವೆ ದುಡಿದರು, ಅಲ್ಲಿಂದ ಏಕೆ ಹೊರಡಬೇಕಾಯಿತು ಎಂಬುದನ್ನು ಯಾರೂ ಹೇಳುವುದಿಲ್ಲ. ಹೇಳಿದರೆ ನಮ್ಮ ಮುಖವೇ ಆ ಕನ್ನಡಿಯಲ್ಲಿ ಕಂಡೀತು. ಆ ಪಾದ್ರಿ ಅಲ್ಲಿ ಮಾಡಿದ್ದನ್ನೇ ಇಂದು ನಮ್ಮವರು ಬೀದರ್, ಭಾಲ್ಕಿ, ಔರಾದ್ ಸೀಮೆಯ ಹಳ್ಳಿಗಳಲ್ಲಿ ನಮ್ಮವರಿಗೇ ಮಾಡುತ್ತಿದ್ದಾರೆ.

ಫಾಂಡರ್ 1803ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದಲ್ಲಿ ಹುಟ್ಟಿದವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಅವರಿಗೆ ತರಬೇತಿ ಕೊಟ್ಟು 1825ರಲ್ಲಿ ಕಾಕಸಸ್ ಪರ್ವತ ಸೀಮೆಯ ಶುಶಾ ಪಟ್ಟಣಕ್ಕೆ ಕಳುಹಿಸಿತು. ಆ ಸೀಮೆ ಆಗ ರಷ್ಯಾದ ತ್ಸಾರ್ ದೊರೆಗಳ ಆಳ್ವಿಕೆಯಲ್ಲಿತ್ತು. ಮುಸ್ಲಿಮರಿಗೆ ಕ್ರೈಸ್ತ ಧರ್ಮ ಬೋಧಿಸುವುದು ಮಿಶನ್ನಿನ ಗುರಿಯಾಗಿತ್ತು. ಆದರೆ ಶುಶಾದಲ್ಲಿ ಮುಸ್ಲಿಮರ ಜೊತೆಗೆ ಅರ್ಮೇನಿಯನ್ ಕ್ರೈಸ್ತರೂ ಇದ್ದರು. ಅವರದು ನಾಲ್ಕನೆಯ ಶತಮಾನದ ಆರಂಭದಿಂದಲೂ ನಡೆದುಬಂದ ಸಭೆ. ಕೇರಳದ ಮಲಂಕರ ಆರ್ಥೊಡಾಕ್ಸ್ ಸಭೆಯೂ ಅದೇ ಪೂರ್ವದೇಶದ ಆರ್ಥೊಡಾಕ್ಸ್ ಬಳಗಕ್ಕೆ ಸೇರಿದ್ದು. ಬಾಸೆಲ್ ಪಾದ್ರಿಗಳ ಪೂರ್ವಜರು ಏಸುವಿನ ಹೆಸರನ್ನು ಕೇಳುವ ಎಷ್ಟೋ ಮೊದಲೇ ಅರ್ಮೇನಿಯನ್ನರು ಆ ಹೆಸರಿನಲ್ಲಿ ಪ್ರಾರ್ಥಿಸುತ್ತಿದ್ದರು.

ಹೊಸದಾಗಿ ಬಂದ ಪಾದ್ರಿಗಳಿಗೆ ಈ ಪ್ರಾಚೀನ ವಿಶ್ವಾಸ ಸಾಲದೆಂದು ತೋರಿತು. ಸಂತರ ಸ್ಮರಣೆ, ಉಪವಾಸಗಳು, ಜನರಿಗೆ ಅರ್ಥವಾಗದ ಹಳೆಯ ಅರ್ಮೇನಿಯನ್ ಭಾಷೆಯ ಆರಾಧನೆ ಇವೆಲ್ಲ ಬರಿಯ ಆಚಾರ, ಜೀವವಿಲ್ಲದ ಧರ್ಮ ಎಂದು ಅವರು ಬಗೆದರು. ಮೊದಲು ಇವರನ್ನು ತಿದ್ದಬೇಕು, ತಿದ್ದಿದ ಮೇಲೆ ಇವರೇ ಮುಸ್ಲಿಮರಿಗೆ ದೀಪವಾಗುತ್ತಾರೆ ಎಂಬುದು ಅವರ ಲೆಕ್ಕಾಚಾರ. ಶಾಲೆ ತೆರೆದರು, ಮುದ್ರಣಾಲಯ ಹೂಡಿದರು, ಜನರಾಡುವ ಅರ್ಮೇನಿಯನ್ ನುಡಿಗೆ ಧರ್ಮಗ್ರಂಥವನ್ನು ತರಲು ತೊಡಗಿದರು. ಅವರ ದುಡಿಮೆ ದೊಡ್ಡದು, ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಫಲವೇನಾಯಿತು? ತಮ್ಮ ಮಂದೆಯನ್ನು ಒಡೆಯುತ್ತಿದ್ದಾರೆಂದು ಅರ್ಮೇನಿಯನ್ ಧರ್ಮಗುರುಗಳು ರಷ್ಯಾ ಸರಕಾರಕ್ಕೆ ದೂರು ಕೊಟ್ಟರು. 1835ರಲ್ಲಿ ತ್ಸಾರ್ ಆಜ್ಞೆಯಿಂದ ಶುಶಾದ ಮಿಶನ್ ಮುಚ್ಚಿತು. ಮುಸ್ಲಿಮರನ್ನು ಗೆಲ್ಲಲು ಹೋದವರು ಕ್ರೈಸ್ತರೊಡನೆ ಜಗಳಕ್ಕೆ ಬಿದ್ದು ಊರನ್ನೇ ಬಿಡಬೇಕಾಯಿತು. ಫಾಂಡರ್ ಅಲ್ಲಿಂದ ಹೊರಟು 1838ರಲ್ಲಿ ಕಲ್ಕತ್ತಾ ತಲುಪಿದರು.

ಇದು ದೂರದ ಒಂದು ಊರಿನ ಅಪವಾದವಲ್ಲ. ನಮ್ಮ ನೆರೆಯ ಕೇರಳದಲ್ಲಿಯೂ ಇದೇ ನಡೆಯಿತು. 1599ರಲ್ಲಿ ಪೋರ್ಚುಗೀಸರು ಉದಯಂಪೇರೂರಿನಲ್ಲಿ ಸಭೆ ಸೇರಿಸಿ, ಸಿರಿಯನ್ ಕ್ರೈಸ್ತರ ಪ್ರಾಚೀನ ಗ್ರಂಥಗಳಲ್ಲಿ ತಪ್ಪಿದೆಯೆಂದು ಸಾರಿ ಅವನ್ನು ಸುಡಿಸಿದರು. 1653ರಲ್ಲಿ ಮಟ್ಟಾಂಚೇರಿಯಲ್ಲಿ ನೊಂದ ಜನ ಶಿಲುಬೆಯ ಮುಂದೆ ಆಣೆ ಮಾಡಿ ಅವರ ಅಧಿಕಾರವನ್ನು ತಿರಸ್ಕರಿಸಿದರು. 1816ರಲ್ಲಿ ಇಂಗ್ಲೆಂಡಿನ ಚರ್ಚ್ ಮಿಶನರಿ ಸೊಸೈಟಿಯ ಬೆಂಜಮಿನ್ ಬೇಯ್ಲಿ ಕೇರಳಕ್ಕೆ ಬಂದು ಕೊಟ್ಟಾಯಂನಲ್ಲಿ ನೆಲೆಸಿದರು. ಅವರು ಬಂದದ್ದು ಸಿರಿಯನ್ ಸಭೆಗೆ ನೆರವಾಗಲೆಂದು. ಬೈಬಲನ್ನು ಮಲಯಾಳಂಗೆ ತಂದರು, 1846ರಲ್ಲಿ ನಿಘಂಟನ್ನು ಪ್ರಕಟಿಸಿದರು. ಆದರೆ ಅವರ ಬಳಗದ ನೆರವು ಬರಬರುತ್ತಾ ತಿದ್ದುಪಡಿಯಾಯಿತು, ತಿದ್ದುಪಡಿ ಆಜ್ಞೆಯಾಯಿತು. 1836ರಲ್ಲಿ ಮಾವೇಲಿಕ್ಕರದಲ್ಲಿ ಸೇರಿದ ಸಿರಿಯನ್ ಸಭೆ ಮಿಶನರಿಗಳೊಡನೆ ಸಂಬಂಧ ಕಡಿದುಕೊಂಡಿತು. ಆ ಬಳಿಕ ಕೆಲವರು ಆಂಗ್ಲಿಕನ್ ಸಭೆ ಸೇರಿದರು. ಸುಧಾರಣೆಯ ಪಕ್ಷ ಮತ್ತು ಹಳೆಯ ಪಕ್ಷದ ವ್ಯಾಜ್ಯ ತಿರುವಾಂಕೂರಿನ ರಾಜ ನ್ಯಾಯಾಲಯ ಹತ್ತಿ 1889ರಲ್ಲಿ ತೀರ್ಪಾಯಿತು. ಸುಧಾರಣಾವಾದಿಗಳು ಮಾರ್ತೋಮಾ ಸಭೆಯಾಗಿ ಬೇರೆಯಾದರು. ಉಳಿದವರೂ ಒಂದಾಗಿ ಉಳಿಯಲಿಲ್ಲ. ಆರ್ಥೊಡಾಕ್ಸ್ ಮತ್ತು ಜಾಕೋಬೈಟ್ ಪಕ್ಷಗಳ ಚರ್ಚುಗಳ ಒಡೆತನದ ಜಗಳ 2017ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನವರೆಗೂ ಹೋಯಿತು. ಮನೆ ಒಮ್ಮೆ ಬಿರುಕು ಬಿಟ್ಟರೆ ಬಿರುಕು ಎಲ್ಲಿಗೆ ನಿಲ್ಲುತ್ತದೆಂದು ಯಾರೂ ಹೇಳಲಾರರು.

ಪ್ರಿಯ ಸಹೋದರ ಸಹೋದರಿಯರೇ, ಈಗ ಆಗ್ರಾಕ್ಕೆ ಬರೋಣ. ಮೌಲಾನಾ ಕೈರಾನವಿಯವರಿಗೆ ಬೆಂಬಲವಾಗಿ ನಿಂತವರು ಡಾಕ್ಟರ್ ವಝೀರ್ ಖಾನ್. ಅವರು ಇಂಗ್ಲಿಷ್ ಬಲ್ಲವರು, ಯುರೋಪಿನ ವಿದ್ವಾಂಸರು ಬೈಬಲ್ ಕುರಿತು ಬರೆದ ವಿಮರ್ಶೆಗಳನ್ನು ಓದಿದವರು. ಮೌಲಾನಾರ ‘ಇಝ್‌ಹಾರುಲ್ ಹಕ್ಕ್’ ಗ್ರಂಥದ ತುಂಬ ಕ್ರೈಸ್ತ ಪಂಡಿತರ ಬರಹಗಳ ಆಧಾರಗಳೇ ಇವೆ. ಪ್ರೊಟೆಸ್ಟೆಂಟರು ಕ್ಯಾಥೊಲಿಕರ ಮೇಲೆ ಹೊರಿಸಿದ ಆರೋಪ, ಕ್ಯಾಥೊಲಿಕರು ಪ್ರೊಟೆಸ್ಟೆಂಟರಿಗೆ ಕೊಟ್ಟ ಉತ್ತರ ಎಲ್ಲವೂ ಅವರಿಗೆ ಸಾಕ್ಷಿಯಾಗಿ ಒದಗಿದವು. ಗ್ರಂಥದ ಪ್ರತಿಗಳಲ್ಲಿ ಪಾಠಭೇದಗಳಿವೆಯೆಂದು ಫಾಂಡರ್ ಆ ಸಭೆಯಲ್ಲಿ ಒಪ್ಪಬೇಕಾಯಿತು. ಇಲ್ಲೊಂದು ಸೂಕ್ಷ್ಮವಿದೆ. ಮನೆಯವರು ಒಬ್ಬರ ಮೇಲೊಬ್ಬರು ಎಸೆದ ಕಲ್ಲುಗಳನ್ನು ಹೊರಗಿನವನು ಆರಿಸಿಕೊಂಡ. ನಾವು ಅದನ್ನು ಗೆಲುವೆಂದು ಸಂಭ್ರಮಿಸುತ್ತೇವೆ. ಸಂಭ್ರಮಿಸುವವರು ತಮ್ಮ ಅಂಗಳದಲ್ಲಿ ಬಿದ್ದಿರುವ ಕಲ್ಲುಗಳನ್ನು ಎಣಿಸಿದ್ದಾರೆಯೇ?

ಚಿಂತಾಕಿಯಂತಹ ಗಡಿಸೀಮೆಯ ಊರುಗಳನ್ನು ನೋಡಿರಿ. ಕೆಲವೇ ಮುಸ್ಲಿಂ ಮನೆಗಳು, ಒಂದು ಮಸೀದಿ, ಒಂದು ಖಬರಸ್ತಾನ. ಹೊಲಗೆಲಸ, ಕೂಲಿ, ಸಣ್ಣ ವ್ಯಾಪಾರಗಳ ನಡುವೆ ಇಲ್ಲಿನ ಬಡವರು ತಲೆತಲಾಂತರದಿಂದ ಕಲಿಮಾವನ್ನು ಕಾಪಾಡಿಕೊಂಡು ಬಂದಿದ್ದಾರೆ. ಓದು ಬಾರದ ಅಜ್ಜಿ ಮಗುವಿಗೆ ಮೊದಲು ಕಲಿಸಿದ ಮಾತು ಬಿಸ್ಮಿಲ್ಲಾಹ್. ರಮಝಾನಿನ ಉಪವಾಸವನ್ನು ಹೊಲದ ಬಿಸಿಲಲ್ಲಿ ಹಿಡಿದವರು ಇವರು. ಅವರಲ್ಲಿ ಅಜ್ಞಾನವಿಲ್ಲವೇ? ಇದೆ. ಧರ್ಮದಲ್ಲಿ ಇಲ್ಲದ್ದು ಅವರ ರೂಢಿಯಲ್ಲಿ ಸೇರಿಲ್ಲವೇ? ಸೇರಿದೆ. ಆದರೆ ಇಂತಹ ಊರಿಗೆ ನಗರದಿಂದ ಒಂದು ದಿನದ ಮಟ್ಟಿಗೆ ಬರುವ ಭಾಷಣಕಾರ ಮೊದಲ ಮಾತಿನಲ್ಲೇ ಕೇಳುವುದೇನು? ನಿನ್ನ ಮಸ್ಲಕ್ ಯಾವುದು ಎಂದು. ಒಂದು ಪಂಗಡದವನು ಬಂದು ದರ್ಗಾಕ್ಕೆ ಹೋದವರೆಲ್ಲ ಮುಶ್ರಿಕರು ಎನ್ನುತ್ತಾನೆ. ಇನ್ನೊಂದು ಪಂಗಡದವನು ಬಂದು ಸಲಾಮ್ ಓದದವರೆಲ್ಲ ಪ್ರವಾದಿ(ಸ)ಯವರನ್ನು ನಿಂದಿಸಿದವರು ಎನ್ನುತ್ತಾನೆ. ಇಬ್ಬರೂ ಕಾರು ಹತ್ತಿ ಹೋಗುತ್ತಾರೆ. ಮರುದಿನ ಅಣ್ಣ ತಮ್ಮನ ಹಿಂದೆ ನಮಾಝಿಗೆ ನಿಲ್ಲುವುದಿಲ್ಲ. ಜನಾಝಾ ಎದುರಿಗಿರುವಾಗ ಇಮಾಮರು ಯಾವ ಪಂಗಡದವರೆಂಬ ಚರ್ಚೆ ನಡೆಯುತ್ತದೆ. ನಿಕಾಹ್ ಮುರಿಯಿತೆಂದು ಫೋನಿನಲ್ಲಿ ಫತ್ವಾ ಬರುತ್ತದೆ. ಇದು ದಅ್‌ವತ್ ಅಲ್ಲ, ಸುಧಾರಣೆಯೂ ಅಲ್ಲ. ಶುಶಾದ ಪಾದ್ರಿಗಳು ಶಾಲೆಯನ್ನಾದರೂ ಕಟ್ಟಿದರು. ಇವರು ಕಟ್ಟಿದ್ದೇನು?

ಇಂತಹವರ ಮುಂದೆ ಧರ್ಮದ ಮಾತನ್ನೇ ಇಡೋಣ. ಸಲಾಮ್ ಹೇಳಿದವನಿಗೆ ನೀನು ವಿಶ್ವಾಸಿಯಲ್ಲ ಎನ್ನಬೇಡಿರೆಂದು ಅನ್ನಿಸಾ ಅಧ್ಯಾಯದ 94ನೆಯ ಸೂಕ್ತ ತಡೆಯುತ್ತದೆ. ಕಾಳಗದ ನಡುವೆ ಕಲಿಮಾ ಉಚ್ಚರಿಸಿದ ವೈರಿಯನ್ನು, ಅವನು ಪ್ರಾಣಭಯದಿಂದ ಹೇಳಿದನೆಂದು ಭಾವಿಸಿ, ಹಝ್ರತ್ ಉಸಾಮಾ(ರ) ಕೊಂದಾಗ ಪ್ರವಾದಿವರ್ಯರು(ಸ) ತೀವ್ರವಾಗಿ ನೊಂದು, ಅವನ ಹೃದಯವನ್ನು ಸೀಳಿ ನೋಡಿದೆಯಾ ಎಂಬರ್ಥದಲ್ಲಿ ಪ್ರಶ್ನಿಸಿದ ಘಟನೆ ಸಹೀಹ್ ಹದೀಸುಗಳಲ್ಲಿದೆ. ಸಹೋದರನನ್ನು ಕಾಫಿರ್ ಎಂದವನ ಮಾತು ಅವರಿಬ್ಬರಲ್ಲಿ ಒಬ್ಬನ ಮೇಲೆ ಬಂದೇ ಬೀಳುತ್ತದೆಂಬ ಎಚ್ಚರಿಕೆಯೂ ಇದೆ. ಯುದ್ಧಭೂಮಿಯಲ್ಲಿ ಒಬ್ಬ ವೈರಿಗೆ ದೊರೆತ ಸಂದೇಹದ ಲಾಭ ನಮ್ಮ ಊರಿನ ಅಜ್ಜಿಗೆ ಏಕೆ ದೊರೆಯಬಾರದು? 2005ರ ಜುಲೈಯಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಐವತ್ತು ದೇಶಗಳ ಸುಮಾರು 200 ಉಲಮಾಗಳು ಸೇರಿ, ಅಂಗೀಕೃತ ಮದ್‌ಹಬ್‌ಗಳ ಅನುಯಾಯಿಗಳಲ್ಲಿ ಯಾರನ್ನೂ ಕಾಫಿರ್ ಎನ್ನಕೂಡದೆಂದು ಒಮ್ಮತಕ್ಕೆ ಬಂದರು. ಸುನ್ನಿಗಳೂ ಶಿಯಾಗಳೂ ಸೇರಿ ಒಪ್ಪಿದ ಈ ಮಾತು ನಮ್ಮ ಮಿಂಬರುಗಳಿಗೆ ಇನ್ನೂ ತಲುಪಿಲ್ಲವೆಂದರೆ ದೋಷ ದಾರಿಯದ್ದಲ್ಲ.

ಹಾಗಾದರೆ ಬಿದ್‌ಅತನ್ನು ಕಂಡೂ ಸುಮ್ಮನಿರಬೇಕೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಸುಮ್ಮನಿರಬೇಕಿಲ್ಲ. ಕೆಡುಕನ್ನು ಕೆಡುಕೆಂದು ಹೇಳುವುದು ಉಲಮಾಗಳ ಹೊಣೆ. ಆದರೆ ತಪ್ಪಾದ ಕಾರ್ಯವನ್ನು ತಪ್ಪೆನ್ನುವುದು ಬೇರೆ, ಮಾಡಿದವನನ್ನು ಧರ್ಮದಿಂದಲೇ ಹೊರದೂಡುವುದು ಬೇರೆ. ಮೊದಲನೆಯದು ವೈದ್ಯನ ಕೆಲಸ. ಎರಡನೆಯದು ರೋಗಿಯನ್ನು ಬೀದಿಗೆ ತಳ್ಳಿ ರೋಗ ನಿವಾರಣೆಯಾಯಿತೆಂದು ಹೇಳಿಕೊಳ್ಳುವುದು. ಅಲ್ಲಾಹನ ಮಾರ್ಗಕ್ಕೆ ಕರೆಯುವವರಿಗೆ ಯುಕ್ತಿ ಮತ್ತು ಸದುಪದೇಶವಿರಬೇಕು, ಚರ್ಚೆಯೂ ಉತ್ತಮ ರೀತಿಯದಾಗಿರಬೇಕು ಎಂಬ ಅನ್ನಹ್ಲ್ ಅಧ್ಯಾಯದ ಆಜ್ಞೆ ಅನ್ಯರಿಗೆ ಮಾತ್ರ ಅನ್ವಯಿಸುತ್ತದೆಯೇ?

ಬೀದರಿನವರಾದ ನಮಗೆ ಈ ಪಾಠಕ್ಕೆ ಶುಶಾದವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಪರ್ಷಿಯಾದ ಗೀಲಾನಿನಿಂದ ಬಂದ ಖ್ವಾಜಾ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದ್ರಸ ಇಂದಿಗೂ ನಗರದ ನಡುವೆ ಅರ್ಧ ಮುರಿದು ನಿಂತಿದೆ. ಬಹಮನಿ ಆಸ್ಥಾನದಲ್ಲಿ ದಖ್ಖನಿಗಳು, ಹೊರನಾಡಿನಿಂದ ಬಂದ ಆಫಾಖಿಗಳು ಎಂಬ ಎರಡು ಪಕ್ಷಗಳಿದ್ದವು. ಇಬ್ಬರೂ ಮುಸ್ಲಿಮರೇ. ವಿರೋಧಿಗಳು ಗಾವಾನರ ಮುದ್ರೆಯೊತ್ತಿದ ಸುಳ್ಳು ಪತ್ರವೊಂದನ್ನು ಸೃಷ್ಟಿಸಿ ಸುಲ್ತಾನರ ಮುಂದಿಟ್ಟರು. 1481ರಲ್ಲಿ ಆ ವೃದ್ಧ ಮಂತ್ರಿಯ ತಲೆ ಉರುಳಿತು. ಬಳಿಕ ಕೆಲವು ದಶಕಗಳಲ್ಲಿ ರಾಜ್ಯವೇ ಐದು ಹೋಳಾಯಿತು. ಹೊರಗಿನ ಶತ್ರು ಮಾಡಲಾಗದ್ದನ್ನು ಒಳಗಿನ ಪಕ್ಷಪಾತ ಮಾಡಿತು.

ಮಿಶನರಿಗಳಿಂದ ನಾವು ಕಲಿಯಬೇಕಾದದ್ದೂ ಇದೆ. ಶುಶಾ ಮುಚ್ಚುವ ಹಿಂದಿನ ವರ್ಷ, 1834ರಲ್ಲಿ, ಅದೇ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಅವರ ಪೈಕಿ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೊರತಂದರು. ಫರ್ಡಿನಂಡ್ ಕಿಟ್ಟೆಲ್ 1853ರಲ್ಲಿ ಬಂದು ದಶಕಗಳ ಕಾಲ ದುಡಿದು 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ಅವರ ಮತಬೋಧನೆಯನ್ನು ಒಪ್ಪದವರೂ ಆ ನಿಘಂಟನ್ನು ತೆರೆಯುತ್ತಾರೆ. ಬಂದವರು ಊರಿನಲ್ಲಿ ಉಳಿದರು, ಊರಿನ ನುಡಿ ಕಲಿತರು, ಮಕ್ಕಳಿಗೆ ಅಕ್ಷರ ಕೊಟ್ಟರು. ನಮ್ಮ ಮಕ್ಕಳು ಕನ್ನಡ ಶಾಲೆಗೆ ಹೋಗುತ್ತಿರುವಾಗ ಅವರಿಗೆ ನಮಾಝಿನ ಅರ್ಥವನ್ನು ಕನ್ನಡದಲ್ಲಿ ಹೇಳಿಕೊಡುವ ಉಸ್ತಾದರು ಎಷ್ಟು ಮಂದಿ? ತಿಂಗಳಿಗೊಮ್ಮೆ ಧ್ವನಿವರ್ಧಕ ಕಟ್ಟಲು ಹಣವಿರುವ ಜಮಾತಿಗೆ ಒಬ್ಬ ಉಸ್ತಾದರ ಸಂಬಳಕ್ಕೆ ಹಣವಿಲ್ಲವೇ?

ಆದ್ದರಿಂದ ನಮ್ಮ ಜಮಾತುಗಳ ಮುತವಲ್ಲಿಗಳಲ್ಲಿ, ಹಿರಿಯರಲ್ಲಿ ಮೂರು ವಿನಂತಿಗಳಿವೆ. ಜನಾಝಾ, ನಿಕಾಹ್, ಖಬರಸ್ತಾನ ಈ ಮೂರರಲ್ಲಿ ಯಾರ ಮಸ್ಲಕನ್ನೂ ಕೇಳಬಾರದೆಂದು ಮಸೀದಿಯಲ್ಲಿಯೇ ತೀರ್ಮಾನಿಸಿರಿ. ಊರಿನ ಪೇಶ್ ಇಮಾಮರ ಒಪ್ಪಿಗೆಯಿಲ್ಲದೆ ಹೊರಗಿನ ಭಾಷಣಕಾರರನ್ನು ಕರೆಯಬೇಡಿರಿ. ಕರೆದರೆ ಯಾವ ಮುಸ್ಲಿಮನನ್ನೂ ಕಾಫಿರ್ ಎನ್ನುವುದಿಲ್ಲವೆಂಬ ಮಾತನ್ನು ಮೊದಲೇ ಪಡೆಯಿರಿ. ಭಾಷಣದ ಖರ್ಚನ್ನು ಉಳಿಸಿ, ಊರಿನಲ್ಲೇ ಉಳಿದು ಮಕ್ಕಳಿಗೆ ಅವರು ಓದಬಲ್ಲ ಭಾಷೆಯಲ್ಲಿ ದೀನ್ ಕಲಿಸುವ ಉಸ್ತಾದರಿಗೆ ಕೊಡಿರಿ. ಹೆಣ್ಣುಮಕ್ಕಳೂ ಆ ಪಾಠಕ್ಕೆ ಬರಲಿ, ಏಕೆಂದರೆ ಮುಂದಿನ ತಲೆಮಾರಿಗೆ ಬಿಸ್ಮಿಲ್ಲಾಹ್ ಕಲಿಸುವವರು ಅವರೇ.

ಮೌಲಾನಾ ಕೈರಾನವಿಯವರ ಕೊನೆಯನ್ನು ನೆನೆಯಿರಿ. 1857ರ ದಂಗೆಯ ಬಳಿಕ ಬ್ರಿಟಿಷರು ಅವರ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡರು. ಅವರು ಮಕ್ಕಾ ಸೇರಿದರು. ಅಲ್ಲಿ ಕಲ್ಕತ್ತಾದ ಸೌಲತುನ್ನಿಸಾ ಬೇಗಂ ಎಂಬ ಮಹಿಳೆ ನೀಡಿದ ದಾನದಿಂದ ಸೌಲತಿಯಾ ಮದ್ರಸವನ್ನು ಕಟ್ಟಿದರು. ವಾದದಲ್ಲಿ ಗೆದ್ದ ಆ ವಿದ್ವಾಂಸರು ಬಾಳಿನ ಕೊನೆಯ ವರ್ಷಗಳನ್ನು ಕಳೆದದ್ದು ಇನ್ನೊಂದು ವಾದದಲ್ಲಲ್ಲ, ಪಾಠಶಾಲೆಯಲ್ಲಿ. ಅವರ ಹೆಸರು ಹೇಳಿ ವೇದಿಕೆ ಹತ್ತುವವರು ಅವರ ಈ ದಾರಿಯನ್ನೂ ಹಿಡಿಯಲಿ.

ಅಲ್ಲಾಹನು ನಮ್ಮ ಹೃದಯಗಳನ್ನು ಜೋಡಿಸಲಿ, ನಮ್ಮ ನಾಲಿಗೆಗಳನ್ನು ಸಹೋದರರ ಮಾನದಿಂದ ದೂರವಿರಿಸಲಿ, ನಮ್ಮ ಮಕ್ಕಳಿಗೆ ಉಪಯುಕ್ತವಾದ ಜ್ಞಾನವನ್ನು ದಯಪಾಲಿಸಲಿ. ಆಮೀನ್.