ವಿದ್ಯಾರ್ಥಿಯ ಕೈಯಲ್ಲಿ ಉಳಿ

ಕಾಲೇಜಿನಲ್ಲಿ ಓದುತ್ತಿದ್ದ ದಿನಗಳಲ್ಲಿ ನಾವೊಂದು ಮಣೆಯನ್ನು ಮಾಡಿದೆವು. ಮಾಡಿದೆವೆನ್ನುವುದಕ್ಕಿಂತ ಒಂದು ಒಳ್ಳೆಯ ಹಲಗೆಯನ್ನು ಹಾಳುಮಾಡಿದೆವೆನ್ನುವುದೇ ಸರಿಯಾದೀತು. ಆಷಾಢದ ಮಳೆ ಸುರಿಯುತ್ತಿದ್ದಾಗ, ಹಿತ್ತಿಲಿನ ಮಾಡಿನ ಕೆಳಗೆ ಬಿದ್ದಿದ್ದ ಅಗಲವಾದ ಮಾವಿನ ಹಲಗೆಯೊಂದನ್ನು ಅಳತೆಗೆ ಕೊಯ್ದು, ಅದರ ಅಡಿಯಲ್ಲಿ ಎರಡು ಅಡ್ಡಪಟ್ಟಿಗಳನ್ನಿಟ್ಟು, ಒಂದೊಂದಕ್ಕೂ ಆರಾರು ಮೊಳೆಗಳನ್ನು ಜಡಿದೆವು. ಮೊಳೆ ಹೆಚ್ಚಿದಷ್ಟೂ ಮಣೆ ಭದ್ರವಾಗುವುದೆಂದು ನಮ್ಮ ನಂಬಿಕೆ. ಚೈತ್ರಮಾಸದ ಒಂದು ರಾತ್ರಿ ಅಡುಗೆಮನೆಯಲ್ಲಿ ಫಟ್ಟೆಂದು ಸದ್ದಾಯಿತು. ಬೆಳಗ್ಗೆ ನೋಡಿದರೆ ಹಲಗೆ ಈ ತುದಿಯಿಂದ ಆ ತುದಿಯವರೆಗೆ ಸೀಳಿತ್ತು. ನಮ್ಮ ಬೀದಿಯ ವೃದ್ಧ ಬಡಗಿಯೊಬ್ಬರು ಅದನ್ನು ಮಗುಚಿ, ಮೊಳೆಗಳನ್ನು ಒಂದೊಂದಾಗಿ ಎಣಿಸಿ, "ಹಲಗೆಗೆ ಉಸಿರಾಡಲು ಎಡೆಯನ್ನೇ ಕೊಟ್ಟಿಲ್ಲವಲ್ಲ!" ಎಂದು ನಕ್ಕರು. ಆ ವೇಳೆಗೆ ನಾವು ಲೋಹಗಳು ಕಾವಿಗೆ ಹಿಗ್ಗುವ ಲೆಕ್ಕಗಳನ್ನು ತಪ್ಪಿಲ್ಲದೆ ಮಾಡುತ್ತಿದ್ದೆವು. ರೈಲುಕಂಬಿಗಳ ನಡುವೆ ಎಡೆ ಬಿಡುವುದೇಕೆಂಬ ಪ್ರಶ್ನೆಗೆ ಪೂರ್ಣಾಂಕಗಳನ್ನೂ ಪಡೆದಿದ್ದೆವು. ಆದರೂ ನಮ್ಮ ಕಾಲಕೆಳಗಿನ ಮಣೆಗೆ ಎಡೆ ಬೇಕೆಂಬುದು ನಮಗೆ ಹೊಳೆಯಲಿಲ್ಲ.

ವಿಜ್ಞಾನವನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ವಿದ್ಯಾರ್ಥಿನಿಯೂ ವ್ಯಾಸಂಗ ಮುಗಿಯುವುದರೊಳಗೆ ಒಮ್ಮೆಯಾದರೂ ಕೈಹತ್ಯಾರುಗಳಿಂದ, ತನ್ನ ಮನೆಯಲ್ಲಿಯೇ, ಒಂದು ಮರದ ಉಪಕರಣವನ್ನು ಮಾಡಬೇಕೆಂಬುದು ನಮ್ಮ ಅಭಿಪ್ರಾಯ. ಮೇಜು ಕುರ್ಚಿಗಳವರೆಗೆ ಹೋಗಬೇಕಾಗಿಲ್ಲ, ಮಣೆಯೇ ಸಾಕು. ಇದನ್ನು ಕಾಲಕ್ಷೇಪದ ಹವ್ಯಾಸವೆಂದಾಗಲಿ, ನಾಲ್ಕು ಕಾಸು ಉಳಿಸುವ ಉಪಾಯವೆಂದಾಗಲಿ ನಾವು ಹೇಳುತ್ತಿಲ್ಲ. ಪ್ರಯೋಗಶಾಲೆಯಲ್ಲಿ ದೊರೆಯದ ಒಂದು ಪಾಠ ಇದರಲ್ಲಿದೆ.

ಮರವು ಉಕ್ಕಿನಂತೆ ಎಲ್ಲ ದಿಕ್ಕುಗಳಲ್ಲಿಯೂ ಒಂದೇ ಬಗೆಯಾಗಿ ವರ್ತಿಸುವ ವಸ್ತುವಲ್ಲ. ಬದುಕಿದ್ದಾಗ ನೀರನ್ನು ಮೇಲಕ್ಕೊಯ್ಯಲೂ ಗಾಳಿಗೆ ಎದುರಾಗಿ ನಿಲ್ಲಲೂ ಅದು ಕಟ್ಟಿಕೊಂಡ ಸೂಕ್ಷ್ಮನಳಿಗೆಗಳ ಕಂತೆಯೇ ಮರ. ಈ ನಳಿಗೆಗಳ ಗೋಡೆಗಳಲ್ಲಿ ಸೆಲ್ಯುಲೋಸಿನ ಎಳೆಗಳು ಬಹುಮಟ್ಟಿಗೆ ಕಾಂಡದ ಉದ್ದಕ್ಕೇ ಸಾಗುತ್ತವೆ. ಆದುದರಿಂದಲೇ ಸೌದೆಯನ್ನು ಉದ್ದಕ್ಕೆ ಸೀಳುವುದು ಸುಲಭ, ಅಡ್ಡಕ್ಕೆ ಮುರಿಯುವುದು ಕಷ್ಟ. ಗಾಳಿಯಲ್ಲಿ ತೇವ ಹೆಚ್ಚಿದಾಗ ನೀರಿನ ಅಣುಗಳು ಈ ಎಳೆಗಳ ನಡುವೆ ನುಗ್ಗಿ ಅವನ್ನು ಪಕ್ಕಕ್ಕೆ ತಳ್ಳುತ್ತವೆ. ಎಳೆಗಳ ಉದ್ದವೇನೂ ಬದಲಾಗುವುದಿಲ್ಲ. ಅಂದರೆ ಹಲಗೆ ಹಿಗ್ಗುವುದು ಅಗಲದಲ್ಲಿ ಮತ್ತು ದಪ್ಪದಲ್ಲಿ. ಉದ್ದದಲ್ಲಿ ಅಲ್ಲವೆಂದೇ ಹೇಳಬಹುದು. ಮಳೆಗಾಲದಲ್ಲಿ ಬಿಗಿದುಕೊಂಡು ಒದ್ದರೂ ತೆರೆಯದ ಬಾಗಿಲು, ಬೇಸಗೆಯಲ್ಲಿ ಗಾಳಿ ನುಸುಳುವಷ್ಟು ಸಂದು ಬಿಡುವುದು ಇದೇ ಕಾರಣದಿಂದ.

ಎಷ್ಟು ಹಿಗ್ಗುತ್ತದೆ, ಎಷ್ಟು ಕುಗ್ಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ನಳಿಗೆಗಳ ಗೋಡೆಗಳು ಹೀರಬಲ್ಲ ನೀರು ಒಣಮರದ ತೂಕದ ಶೇಕಡ ೩೦ರಷ್ಟು. ಅದಕ್ಕೆ ಮೀರಿದ ನೀರು ನಳಿಗೆಗಳ ಟೊಳ್ಳಿನಲ್ಲಿ ನಿಲ್ಲುತ್ತದೆಯೇ ಹೊರತು ಮರವನ್ನು ಹಿಗ್ಗಿಸುವುದಿಲ್ಲ. ಹಸಿಯ ತೇಗವನ್ನು ಪೂರ್ತಿಯಾಗಿ ಒಣಗಿಸಿದರೆ ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿನಲ್ಲಿ ಸುಮಾರು ಶೇಕಡ ೨.೫, ವಾರ್ಷಿಕ ಉಂಗುರಗಳನ್ನು ಅನುಸರಿಸಿದ ದಿಕ್ಕಿನಲ್ಲಿ ಸುಮಾರು ಶೇಕಡ ೫.೮ ಕುಗ್ಗುತ್ತದೆ. ಉದ್ದದ ಕುಗ್ಗುವಿಕೆಯಾದರೋ ಮರಗಳಲ್ಲಿ ಸಾಮಾನ್ಯವಾಗಿ ಶೇಕಡ ೦.೧ರಿಂದ ೦.೩ರ ಒಳಗೇ ಇರುತ್ತದೆ. ಈಗ ಉಂಗುರಗಳಿಗೆ ಸಮನಾಗಿ ಕೊಯ್ದ ೩೦ ಸೆಂಟಿಮೀಟರು ಅಗಲದ ತೇಗದ ಹಲಗೆಯೊಂದಿದೆಯೆಂದುಕೊಳ್ಳಿ. ಮಳೆಗಾಲದಲ್ಲಿ ಅದರ ತೇವ ಶೇಕಡ ೧೬, ಬಿರುಬೇಸಗೆಯಲ್ಲಿ ೮. ಶೇಕಡ ೧ರಷ್ಟು ತೇವ ಕಳೆದಾಗ ಅಗಲ ಸುಮಾರು ಶೇಕಡ ೦.೧೯ ಕುಗ್ಗಿದರೆ, ೮ಕ್ಕೆ ಆಗುವುದು ಸುಮಾರು ಶೇಕಡ ೧.೫, ಎಂದರೆ ನಾಲ್ಕೂವರೆ ಮಿಲಿಮೀಟರು. ಅದೂ ತೇಗದಲ್ಲಿ! ಅದು ಕಡಮೆ ಹಿಗ್ಗುಕುಗ್ಗುಳ್ಳ ಮರಗಳ ಸಾಲಿಗೆ ಸೇರಿದ್ದು. ಬಹಳ ಮರಗಳು ಇದಕ್ಕಿಂತ ಹೆಚ್ಚಾಗಿಯೇ ಚಲಿಸುತ್ತವೆ. ಅಡ್ಡಪಟ್ಟಿಯ ಉದ್ದವಾದರೋ ಅಷ್ಟೇ ತೇವ ಕಳೆದುಕೊಂಡರೂ ಕಾಲು ಮಿಲಿಮೀಟರಿನಷ್ಟು ಬದಲಾದರೆ ಹೆಚ್ಚು. ಹಲಗೆ ಕುಗ್ಗಬೇಕು, ಪಟ್ಟಿ ಬಿಡದು, ನಡುವೆ ಹನ್ನೆರಡು ಮೊಳೆಗಳ ಹಿಡಿತ. ನಾರುಗಳನ್ನು ಪಕ್ಕಕ್ಕೆ ಜಗ್ಗಿದಾಗ ಮರಕ್ಕೆ ಬಲ ಬಹು ಸ್ವಲ್ಪ. ಅದು ಸೀಳದೆ ಇನ್ನೇನು ಮಾಡೀತು?

ನಮ್ಮ ಬಡಗಿಗಳಿಗೆ ಈ ಶೇಕಡಗಳ ಪರಿಚಯವಿರಲಿಲ್ಲ, ಆದರೆ ಪರಿಹಾರ ಗೊತ್ತಿತ್ತು. ಅಜ್ಜಿಯ ಕಾಲದ ಹಲಸಿನ ಮಣೆಯೊಂದು ನಿಮ್ಮ ಮನೆಯಲ್ಲಿದ್ದರೆ ಅದನ್ನು ಮಗುಚಿ ನೋಡಿ. ಚೆನ್ನಾಗಿ ಮಾಡಿದ ಮಣೆಯಾದರೆ ಹಲಗೆಯ ಅಡಿಯಲ್ಲಿ ಬಾಯಿ ಕಿರಿದಾಗಿ ತಳ ಅಗಲವಾಗಿರುವ ತೋಡೊಂದನ್ನು ಕೊರೆದು, ಅದೇ ಆಕಾರದ ಅಡ್ಡಪಟ್ಟಿಯನ್ನು ಪಕ್ಕದಿಂದ ತೂರಿಸಿರುತ್ತಾರೆ. ಪಟ್ಟಿ ಕಳಚಿ ಬೀಳುವುದಿಲ್ಲ, ಹಲಗೆಯನ್ನು ಡೊಂಕಾಗಲೂ ಬಿಡುವುದಿಲ್ಲ. ಆದರೆ ಹಲಗೆ ತನ್ನಷ್ಟಕ್ಕೆ ಅಗಲವಾಗಿ ಕಿರಿದಾಗಿ ಪಟ್ಟಿಯ ಮೇಲೆ ಜಾರುತ್ತಿರಬಹುದು. ಹಳೆಯ ಬಾಗಿಲಿನ ಚೌಕಟ್ಟಿಗೂ ಅದರೊಳಗಿನ ಫಲಕಗಳಿಗೂ ಇರುವ ಸಂಬಂಧವೂ ಇದೇ. ಫಲಕವನ್ನು ಅಂಟಿನಿಂದಾಗಲಿ ಮೊಳೆಯಿಂದಾಗಲಿ ಬಿಗಿಯದೆ ಚೌಕಟ್ಟಿನ ಗಾಡಿಯಲ್ಲಿ ಸಡಿಲವಾಗಿ ನಿಲ್ಲಿಸಿರುತ್ತಾರೆ. ನಾಲಿಗೆ ಮತ್ತು ಕಂಡಿಯ ಸೇರುವೆಯಂತೂ ಬಹು ಪುರಾತನ. ೧೯೨೨ರಲ್ಲಿ ಹೋವರ್ಡ್ ಕಾರ್ಟರ್ ತೆರೆದ ಈಜಿಪ್ಟಿನ ದೊರೆ ಟೂಟಂಖಾಮನ್ನನ ಗೋರಿಯಲ್ಲಿ ಹೀಗೆ ಸೇರಿಸಿದ ಪೀಠಗಳೂ ಕುರ್ಚಿಗಳೂ ದೊರೆತವು. ಅವುಗಳಿಗೆ ಮೂರು ಸಾವಿರದ ಮುನ್ನೂರು ವರ್ಷಗಳಾಗಿವೆ. ಅವನ್ನು ಮಾಡಿದವರ ಬಳಿ ಕೀಸುಳಿ ಕೂಡ ಇರಲಿಲ್ಲ. ಬಾಚಿಯಿಂದ ಕೆತ್ತಿ ಮರಳುಗಲ್ಲಿನಿಂದ ಉಜ್ಜಿ ನಯಗೊಳಿಸಿದರು.

ಇವೆಲ್ಲವನ್ನೂ ಪುಸ್ತಕದಿಂದಲೇ ತಿಳಿಯಬಹುದಲ್ಲ, ಉಳಿ ಹಿಡಿಯಬೇಕೇಕೆ ಎಂದು ವಾಚಕರು ಕೇಳಬಹುದು. ನಾವೇ ಈಗ ಪುಸ್ತಕದ ಮಾತನ್ನು ಹೇಳಿದ್ದೇವಷ್ಟೆ. ಆದರೆ ಬಡಗಿಗಳು ತೋಪಡವೆನ್ನುವ ಕೀಸುಳಿಯನ್ನು ಒಮ್ಮೆ ಹಲಗೆಯ ಮೇಲೆ ತಳ್ಳಿ ನೋಡಿ. ನಾರಿನ ಓಟಕ್ಕೆ ಅನುಗುಣವಾಗಿ ತಳ್ಳಿದರೆ ಸುರುಳಿ ಸುರುಳಿಯಾಗಿ ತೆಳುವಾದ ಸಿಪ್ಪೆ ಏಳುತ್ತದೆ; ಎದುರಾಗಿ ತಳ್ಳಿದರೆ ಬೆಕ್ಕಿನ ಬೆನ್ನನ್ನು ಹಿಂದುಮುಂದಾಗಿ ತಡವಿದಂತೆ ಮರ ಮುನಿಯುತ್ತದೆ, ಮೈಯೆಲ್ಲ ಕಿತ್ತುಬರುತ್ತದೆ. ಗಂಟಿನ ಬಳಿಗೆ ಬಂದಾಗ ನಾರು ದಿಕ್ಕು ಬದಲಿಸುವುದನ್ನು ಕಣ್ಣಿಗಿಂತ ಮೊದಲು ಅಂಗೈ ಗುರುತಿಸುತ್ತದೆ. ನಾರನ್ನು ಅಡ್ಡಕ್ಕೆ ಕೊಯ್ಯುವ ಗರಗಸದ ಹಲ್ಲು ಚೂರಿಯಂತೆಯೂ ಉದ್ದಕ್ಕೆ ಸೀಳುವ ಗರಗಸದ ಹಲ್ಲು ಉಳಿಯಂತೆಯೂ ಏಕಿರಬೇಕೆಂಬುದು ಒಂದರ ಕೆಲಸಕ್ಕೆ ಇನ್ನೊಂದನ್ನು ಹಚ್ಚಿ ಬೆವರಿದವನಿಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಯಂತ್ರಗರಗಸವು ಈ ಭೇದವನ್ನೆಲ್ಲ ತನ್ನ ಬಲದಿಂದ ಮುಚ್ಚಿಬಿಡುತ್ತದೆ. ಕಾರ್ಖಾನೆಯಲ್ಲಿ ಅದು ಗುಣ. ಕಲಿಯುವವನಿಗೆ ಅದೇ ದೋಷ. ವಿದ್ಯುದ್ಯಂತ್ರಗಳು ಮೊದಲ ಕೆಲಸಕ್ಕೆ ಬೇಡವೆಂದು ನಾವು ಹಟ ಹಿಡಿಯುವುದು ಇದಕ್ಕಾಗಿ. ಎಳೆಯರ ಬೆರಳುಗಳ ಚಿಂತೆಯೂ ನಮಗಿಲ್ಲದಿಲ್ಲ.

ಪ್ಲೈವುಡ್ಡು ಮತ್ತು ಮರದ ಪುಡಿಯ ಹಲಗೆಗಳು ಅಗ್ಗವಾಗಿ ದೊರೆಯುವಾಗ ಗಟ್ಟಿಮರದ ಗೊಡವೆ ಏಕೆಂಬುದು ಇನ್ನೊಂದು ಆಕ್ಷೇಪ. ಪ್ಲೈವುಡ್ಡನ್ನು ನಾವು ತಿರಸ್ಕರಿಸುವುದಿಲ್ಲ. ಒಂದು ಪದರದ ನಾರು ಉದ್ದಕ್ಕೆ, ಮೇಲಿನದರ ನಾರು ಅಡ್ಡಕ್ಕೆ ಇರುವಂತೆ ಅಂಟಿಸಿ, ಒಂದು ಪದರದ ಚಲನೆಯನ್ನು ಇನ್ನೊಂದು ತಡೆಯುವಂತೆ ಮಾಡಿದ ಜಾಣ್ಮೆ ಅದು. ಆದರೆ ಆ ಜಾಣ್ಮೆಯನ್ನು ಮೆಚ್ಚಬೇಕಾದರೆ ಮೊದಲು ಹಲಗೆಯೊಂದನ್ನು ಒಡೆದುಕೊಂಡಿರಬೇಕು.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಕೈಗೆಲಸವನ್ನು ವಿದ್ಯೆಯೊಳಗೆ ಸೇರಿಸುವ ಪ್ರಯತ್ನ ಹೊಸದಲ್ಲ. ಫಿನ್ಲೆಂಡಿನಲ್ಲಿ ಊನೊ ಸಿಗ್ನೇಯುಸ್ ಎಂಬ ಶಿಕ್ಷಣತಜ್ಞನ ಯತ್ನದಿಂದ ೧೮೬೬ರ ಶಾಲಾ ಕಟ್ಟಳೆಯಲ್ಲಿ ಅದು ಪಾಠವಿಷಯಗಳ ಸಾಲಿಗೆ ಸೇರಿತು. ಸ್ವೀಡನ್ನಿನ ನೇಸ್ ಎಂಬಲ್ಲಿ ಓಟ್ಟೊ ಸಾಲೊಮನ್ ಮರಗೆಲಸದ ಮೂಲಕ ಪಾಠ ಹೇಳುವುದನ್ನು ಉಪಾಧ್ಯಾಯರಿಗೆ ಕಲಿಸಿದನು. ಅಲ್ಲಿಗೆ ದೂರದೇಶಗಳಿಂದಲೂ ಉಪಾಧ್ಯಾಯರು ಬಂದರು. ಸ್ವೀಡನ್ನಿನ ಮಕ್ಕಳು ಹುಡುಗ ಹುಡುಗಿಯೆಂಬ ಭೇದವಿಲ್ಲದೆ ಇಂದಿಗೂ ಶಾಲೆಯಲ್ಲಿ ಕೈಗೆಲಸ ಕಲಿಯುತ್ತಾರೆ. ನಮ್ಮಲ್ಲಿ ಗಾಂಧೀಜಿಯವರು ೧೯೩೭ರಲ್ಲಿ ವಾರ್ಧಾ ಸಮ್ಮೇಳನದ ಮುಂದೆ ಕೈಕಸುಬನ್ನು ಶಿಕ್ಷಣದ ಕೇಂದ್ರದಲ್ಲಿಯೇ ಇಟ್ಟರು. ಅದು ಶಾಲೆಯ ಮೂಲೆಯೊಂದನ್ನು ಸೇರಿ, ಅಂಕಪಟ್ಟಿಯ ಒಂದು ಸಾಲಾಗಿ ಉಳಿದುದು ನಾವೆಲ್ಲ ಬಲ್ಲ ಸಂಗತಿ. ನಾವು ಓದಿದ ಶಾಲೆಯಲ್ಲಿ ಕರಕುಶಲ ವಸ್ತುವೊಂದನ್ನು ಮಾಡಿ ತರಬೇಕೆಂಬ ನಿಯಮವಿತ್ತು. ಪೇಟೆಯಲ್ಲಿ ಕೊಂಡ ಪೆನ್ನಿನ ಸ್ಟ್ಯಾಂಡೊಂದಕ್ಕೆ ನಮ್ಮ ಹೆಸರಿನ ಚೀಟಿ ಅಂಟಿಸಿ ಒಪ್ಪಿಸಿದೆವು. ಒಳ್ಳೆಯ ಅಂಕಗಳೇ ಬಂದವು. ತರಗತಿಯ ಬಹುಮಂದಿ ಹಾಗೆಯೇ ಮಾಡಿದ್ದರು. ಉಪಾಧ್ಯಾಯರಿಗೂ ಅದು ತಿಳಿದಿತ್ತು.

೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯು ಆರರಿಂದ ಎಂಟನೆಯ ತರಗತಿಯೊಳಗಿನ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಊರಿನ ಬಡಗಿ, ತೋಟಗಾರ, ಕುಂಬಾರ ಮೊದಲಾದವರ ಬಳಿ ಕಲಿಯಬೇಕೆಂದು ಸೂಚಿಸಿದೆ. ಸೂಚನೆ ಒಳ್ಳೆಯದೇ. ಆದರೆ ಹತ್ತು ದಿನಗಳಲ್ಲಿ ಉಳಿಯನ್ನು ಮಸೆಯುವುದನ್ನು ಕಲಿತರೆ ಹೆಚ್ಚು. ಉಳಿದ ಕಲಿಕೆ ಮನೆಯಲ್ಲಿ ನಡೆಯಬೇಕು. ಅಲ್ಲಿಯೇ ತೊಡಕಿರುವುದು. ಉಳಿ ಹಿಡಿದ ಮಗನನ್ನು ಕಂಡು, "ಇದಕ್ಕೇನೋ ನಿನ್ನನ್ನು ಓದಿಸಿದ್ದು?" ಎನ್ನುವ ತಂದೆತಾಯಿಗಳು ಇನ್ನೂ ಇದ್ದಾರೆ, ಮಗಳು ಹಿಡಿದರಂತೂ ಕೇಳುವುದೇ ಬೇಡ. ನಮ್ಮ ಸಮಾಜವು ಶತಮಾನಗಳ ಕಾಲ ಕೈಯಿಂದ ಬಲ್ಲವರನ್ನು ಒಂದು ಜಾತಿಯಲ್ಲಿಯೂ ಓಲೆಯಿಂದ ಬಲ್ಲವರನ್ನು ಇನ್ನೊಂದು ಜಾತಿಯಲ್ಲಿಯೂ ಕೂರಿಸಿತು. ಬಡಗಿಯ ಅರಿವು ಬರಹಕ್ಕೆ ಬರಲಿಲ್ಲ. ಪಂಡಿತನ ಬರಹ ಮರದವರೆಗೆ ಹೋಗಲಿಲ್ಲ. ನಮ್ಮ ಬೀದಿಯ ಆ ವೃದ್ಧರು ಒಡೆದ ಮಣೆಯನ್ನು ಕಂಡ ಕ್ಷಣದಲ್ಲಿ ಹೇಳಿದ್ದನ್ನು ನಾವು ಮುಂದೆ ಗ್ರಂಥಗಳಲ್ಲಿ ಓದಿ ದೃಢಪಡಿಸಿಕೊಂಡೆವು. ಆದರೆ ಅವರನ್ನು ಯಾರೂ ವಿಜ್ಞಾನ ಬಲ್ಲವರೆಂದು ಕರೆಯಲಿಲ್ಲ, ನಮ್ಮನ್ನು ಕರೆದರು. ಬಡಗಿಯ ಹೊಟ್ಟೆಯ ಮೇಲೆ ಹೊಡೆಯುವುದೇ ನಿಮ್ಮ ಉದ್ದೇಶವೆಂದು ಕೆಲವರು ಹೇಳಬಹುದು. ನಮ್ಮ ಅನುಭವ ಬೇರೆ. ಒಂದು ಕಂಡಿಯನ್ನು ಚೌಕವಾಗಿ ಕೊರೆಯಲು ಅರ್ಧ ದಿನ ಕಳೆದವನು ಮುಂದೆ ಬಡಗಿಯ ಕೂಲಿಯಲ್ಲಿ ಚೌಕಾಸಿ ಮಾಡಲಾರ.

ಆರಂಭಿಸಬೇಕೆನ್ನುವವರಿಗೆ ಒಂದೆರಡು ಮಾತು. ಕೈಗರಗಸ, ಚಿಕ್ಕ ಕೀಸುಳಿ, ಅರ್ಧ ಅಂಗುಲದ ಮತ್ತು ಮುಕ್ಕಾಲು ಅಂಗುಲದ ಎರಡು ಉಳಿಗಳು, ಕೊಡತಿ, ಮೂಲೆಮಟ್ಟ, ಕೈಬೈರಿಗೆ, ಸಾಣೆಕಲ್ಲು, ಇಷ್ಟು ಸಾಕು. ಮೊದಲ ವಾರ ಮರವನ್ನು ಮುಟ್ಟದೆ ಉಳಿಯನ್ನು ಮಸೆಯಿರಿ. ಅದರ ಅಲಗು ೨೫ರಿಂದ ೩೦ ಅಂಶಗಳ ಕೋನದಲ್ಲಿ, ಮುಂಗೈಯ ಕೂದಲನ್ನು ಸವರಿದರೆ ಕತ್ತರಿಸುವಂತಿರಬೇಕು. ಮೊಂಡ ಉಳಿಯೇ ಹರಿತವಾದುದಕ್ಕಿಂತ ಅಪಾಯಕರ, ಏಕೆಂದರೆ ಅದಕ್ಕೆ ಹೆಚ್ಚು ಬಲ ಹಾಕುತ್ತೇವೆ. ಬಲ ಹಾಕಿದಾಗಲೇ ಅದು ಜಾರುವುದು. ಎರಡು ಕೈಗಳೂ ಯಾವಾಗಲೂ ಅಲಗಿನ ಹಿಂದೆಯೇ ಇರಲಿ. ಮರಕ್ಕಾಗಿ ತೇಗವನ್ನು ಅರಸಬೇಕಾಗಿಲ್ಲ. ಸಾಮಿಲ್ಲಿನ ತುಂಡುಗಳು, ಕೆಡವಿದ ಮನೆಯ ಬಾಗಿಲು, ಸರಕಿನ ಪೆಟ್ಟಿಗೆಯ ಹಲಗೆ, ಕಾಫಿತೋಟದ ಸೀಮೆಯಾದರೆ ಸಿಲ್ವರ್ ಓಕು, ಯಾವುದಾದರೂ ಆದೀತು, ಒಣಗಿರಬೇಕು, ಅಷ್ಟೆ. ಜಾರುವ ತೋಡನ್ನು ಕೊರೆಯುವುದು ಮೊದಲ ಸಲಕ್ಕೆ ಕಷ್ಟವಾದರೆ ಪ್ರತಿ ಅಡ್ಡಪಟ್ಟಿಗೆ ಮೂರು ತಿರುಪುಗಳನ್ನು ಹಾಕಿ. ನಡುವಿನದನ್ನು ಬಿಗಿಯಾಗಿ ಕೂರಿಸಿ. ಅಕ್ಕಪಕ್ಕದ ಎರಡಕ್ಕೆ ಪಟ್ಟಿಯಲ್ಲಿ ಕೊರೆಯುವ ತೂತುಗಳನ್ನು ಪಟ್ಟಿಯ ಉದ್ದಕ್ಕೆ ಎರಡೆರಡು ಮಿಲಿಮೀಟರು ಉದ್ದವಾಗಿಸಿ. ಹಲಗೆ ಚಲಿಸಿದಾಗ ತಿರುಪು ಆ ಸಂದಿನಲ್ಲಿ ಸರಿದಾಡುತ್ತದೆ. ಮಣೆ ಮುಗಿದ ದಿನ ಅದರ ಅಗಲವನ್ನು ಅಳೆದು ತಾರೀಖಿನೊಡನೆ ಅಡಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಪ್ರತಿ ತಿಂಗಳೂ ಒಂದು ಸಾಲು ಸೇರಿಸಿ.

ಒಡೆದ ಮಣೆಯ ಮರುವರ್ಷದ ಮಳೆಗಾಲದಲ್ಲಿ, ಅದೇ ವೃದ್ಧರು ಪಕ್ಕದಲ್ಲಿ ಕುಳಿತು ಬೈಯುತ್ತಿರಲಾಗಿ, ಹಲಸಿನ ಹಲಗೆಯಿಂದ ಎರಡನೆಯ ಮಣೆಯನ್ನು ಮಾಡಿದೆವು. ತೋಡು ಸ್ವಲ್ಪ ಸೊಟ್ಟಗಿದೆ; ಒಂದು ಪಟ್ಟಿಗೆ ತೆಳುವಾದ ಬೆಣೆ ಕೊಡಬೇಕಾಯಿತು. ಪಟ್ಟಿಗಳ ತುದಿಗಳನ್ನು ಹಲಗೆಯ ಅಂಚಿಗೆ ಸರಿಯಾಗಿ ಕೊಯ್ದಿದ್ದೆವು. ಮಣೆ ಈಗಲೂ ನಮ್ಮ ಮನೆಯಲ್ಲಿದೆ. ಶ್ರಾವಣದಲ್ಲಿ ಅಂಚಿನ ಮೇಲೆ ಬೆರಳಾಡಿಸಿದರೆ ಪಟ್ಟಿ ಯಾವುದು ಹಲಗೆ ಯಾವುದು ಎಂದು ತಿಳಿಯುವುದಿಲ್ಲ. ಬೇಸಗೆಯಲ್ಲಿ ಪಟ್ಟಿಯ ತುದಿಗಳು ಎರಡೂ ಕಡೆ ಎರಡೆರಡು ಮಿಲಿಮೀಟರಿನಷ್ಟು ಹೊರಗೆ ಇಣುಕುತ್ತವೆ.