ಕೋಡ್ ಓದೋದು ಕಾಮರ್ಸ್‌ನವ್ರ ಕೆಲ್ಸಾನೂ ಹೌದು

1/5
"ಕೋಡ್ ಅಂದ್ರೆ ಬಿಸಿಎ ಅವ್ರ ಪಾಡು, ನಮಗೆ ಡೆಬಿಟ್-ಕ್ರೆಡಿಟ್ ಬಂದ್ರೆ ಸಾಕು" ಅಂತೀರಲ್ಲ, ಆ ಡೆಬಿಟ್-ಕ್ರೆಡಿಟ್ ಈಗ ಬರೆಯೋದು ಯಾರು? ಕೋಡು. ಲೆಕ್ಕ ಬರೆಯೋನನ್ನ ಪ್ರಶ್ನೆ ಮಾಡೋಕೆ ಬರದ ಆಡಿಟರ್ ಬರೀ ಸಹಿ ಹಾಕೋ ಯಂತ್ರ.

2/5
ಬ್ರಿಟನ್ ಪೋಸ್ಟ್ ಆಫೀಸ್ ಕಥೆ ಗೊತ್ತಾ? ಹೊರೈಜನ್ ಅನ್ನೋ ಸಾಫ್ಟ್‌ವೇರ್ "ದುಡ್ಡು ಕಮ್ಮಿ ಇದೆ" ಅಂತ ತೋರಿಸಿದ್ದನ್ನ ನಂಬಿ, 1999ರಿಂದ 2015ರವರೆಗೆ ಸಣ್ಣ ಪುಟ್ಟ ಪೋಸ್ಟ್ ಆಫೀಸ್ ನಡೆಸೋರ ಮೇಲೆ ಕೇಸ್ ಹಾಕಿದ್ರು. 900ಕ್ಕೂ ಹೆಚ್ಚು ಜನಕ್ಕೆ ಅಪರಾಧಿ ಪಟ್ಟ. ಕೆಲವರು ಜೈಲಿಗೂ ಹೋದ್ರು. ಆ ಸಾಫ್ಟ್‌ವೇರ್‌ನಲ್ಲೇ ದೋಷಗಳಿದ್ವು ಅಂತ ಅಲ್ಲಿನ ಹೈಕೋರ್ಟ್ ಹೇಳಿದ್ದು 2019ರಲ್ಲಿ.

3/5
"ಲಕ್ಷಗಟ್ಟಲೆ ಸಾಲು ಯಾರು ಓದ್ತಾರೆ ಗುರು?" ಯಾರೂ ಓದಲ್ಲ. ಲಿನಕ್ಸ್ ಕರ್ನಲ್‌ನಲ್ಲಿ 2 ಕೋಟಿಗೂ ಜಾಸ್ತಿ ಸಾಲಿವೆ. ಅದರಲ್ಲಿ ಕೆಲಸ ಮಾಡೋರೂ ಮೊದಲಿಂದ ಕೊನೆವರೆಗೆ ಓದಲ್ಲ, ಹುಡುಕ್ತಾರೆ. ಆಡಿಟರ್ ಎಲ್ಲಾ ವೋಚರ್ ನೋಡ್ತಾನಾ? ಒಂದು ಎಂಟ್ರಿ ಹಿಡ್ಕೊಂಡು ಅದರ ಬೆನ್ನು ಹತ್ತುತ್ತಾನೆ. ಇದೂ ಅಷ್ಟೇ.

4/5
ಗ್ನೂಕ್ಯಾಶ್ ಉಚಿತ ಅಕೌಂಟಿಂಗ್ ಸಾಫ್ಟ್‌ವೇರ್, ಕೋಡ್ ಎಲ್ಲರಿಗೂ ತೆರೆದಿದೆ. ಗಿಟ್‌ನಿಂದ ಇಳಿಸ್ಕೊಳ್ಳಿ.
👉 ಗಿಟ್ ಗ್ರೆಪ್: ಇಂಗ್ಲಿಷಲ್ಲಿ "ಬ್ಯಾಲೆನ್ಸ್ಡ್" ಅಂತ ಹುಡುಕಿ. ಟ್ರಾನ್ಸಾಕ್ಷನ್ ತಾಳೆ ಆಗಿದೆಯಾ ಅಂತ ನೋಡೋ ಫಂಕ್ಷನ್ ಸಿಗುತ್ತೆ.
👉 ಎಡಿಟರ್‌ನಲ್ಲಿರೋ ಫೈಂಡ್ ರೆಫರೆನ್ಸಸ್: ಆ ಫಂಕ್ಷನ್ ಎಲ್ಲೆಲ್ಲಿ ಬಳಕೆ ಆಗಿದೆ ಅಂತ ತೋರಿಸುತ್ತೆ. ನಮ್ಮ ಲೆಡ್ಜರ್ ಫೋಲಿಯೋ ಇದ್ದ ಹಾಗೆ.
👉 ಗಿಟ್ ಬ್ಲೇಮ್: ಪ್ರತಿ ಸಾಲನ್ನ ಕೊನೇ ಸಲ ಬದಲಾಯಿಸಿದ್ದು ಯಾರು, ಯಾವಾಗ. 2023ರ ಏಪ್ರಿಲ್ 1ರಿಂದ ನಮ್ಮ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ಗೆ ಆಡಿಟ್ ಟ್ರೇಲ್ ಕಡ್ಡಾಯ ಆಯ್ತಲ್ಲ, ಅದರ ಅಣ್ಣ ಇದು.

5/5
"ಎಐಗೆ ಕೇಳಿದ್ರೆ ಎರಡು ನಿಮಿಷಕ್ಕೆ ಸಾರಾಂಶ ಕೊಡುತ್ತೆ" ಅಂತೀರಾ? ಕೇಳಿ, ಬೇಡ ಅನ್ನಲ್ಲ. ಆದ್ರೆ ಮ್ಯಾನೇಜ್‌ಮೆಂಟ್ ಬಾಯಲ್ಲಿ ಹೇಳಿದ್ದೊಂದೇ ಸಾಕ್ಷಿ ಆಗಲ್ಲ ಅಂತ ಆಡಿಟಿಂಗ್ ಪೇಪರ್‌ಗೆ ಬಾಯಿಪಾಠ ಮಾಡ್ತೀವಿ, ಎಐ ಬಾಯಿಗೆ ಮಾತ್ರ ಯಾಕೆ ರಿಯಾಯಿತಿ? ಯಾವ ಫೈಲ್, ಯಾವ ಸಾಲು ಅಂತ ಕೇಳಿ, ಆಮೇಲೆ ನೀವೇ ತೆಗೆದು ನೋಡಿ.

ಎಲ್ಲಾ ಕಂಪನಿ ಕೋಡ್ ತೋರಿಸಲ್ಲ, ನಿಜ. ಆದ್ರೆ "ತೋರಿಸಿ" ಅಂತ ಕೇಳೋಕೆ, ತೋರಿಸಿದಾಗ ಎಲ್ಲಿ ನೋಡ್ಬೇಕು ಅನ್ನೋದಾದ್ರೂ ಗೊತ್ತಿರ್ಬೇಕು. ಕಂಪ್ಯೂಟರ್ ಹೇಳಿದ್ದಕ್ಕೆ ತಲೆಯಾಡಿಸಿ ಇನ್ನೊಬ್ರನ್ನ ಕಳ್ಳ ಮಾಡೋ ಸಹಿ ನಮ್ಮದಾಗೋದು ಬೇಡ.

ಈ ಭಾನುವಾರ ಒಂದೇ ಒಂದು ಪದ ಹುಡುಕಿ. ಏನು ಸಿಕ್ತು ಅಂತ ಕಾಮೆಂಟ್ ಮಾಡಿ 👇

#ಬಿಕಾಂ #ಆಡಿಟ್ #ಕೋಡ್_ಓದಿ #ಕನ್ನಡದಲ್ಲಿ_ಟೆಕ್